ತಂದೆಯವರ ಬಿಳಿ ರಕ್ತಕಣಗಳ ಎಣಿಕೆ 138.4 ಎಂದು ಬಂದಿದೆ: ಈ ವರದಿಯನ್ನು ಹೇಗೆ ಓದಬೇಕು?

ಶಿಡ್ಲಘಟ್ಟ ರೇಷ್ಮೆಗೂಡು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ಶಿಡ್ಲಘಟ್ಟದಲ್ಲಿ ಸಣ್ಣದೊಂದು ರೀಲಿಂಗ್ ಘಟಕ ನಡೆಸುತ್ತಾರೆ. ಬಲಗಣ್ಣಿನ ಪೊರೆ ತೆಗೆಸಬೇಕೆಂದು ಹೋದಾಗ ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ವರದಿಯಲ್ಲಿ ಬಿಳಿ ರಕ್ತಕಣಗಳ ಮುಂದೆ 138.4 ಎಂದೂ, ಪಕ್ಕದಲ್ಲಿ ಇರಬೇಕಾದ ಮಿತಿ 4ರಿಂದ 11 ಎಂದೂ ಅಚ್ಚಾಗಿದೆ. ದಶಮಾಂಶ ಚುಕ್ಕೆ ತಪ್ಪಿ ಬಿದ್ದಿರಬೇಕು, 13.84 ಇರಬಹುದು ಎಂದು ನನ್ನ ತಮ್ಮ ಹೇಳಿದ. ಕಣ್ಣಿನ ವೈದ್ಯರು ಮಾತ್ರ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿ, ಮೊದಲು ಫಿಜಿಷಿಯನ್ ಒಬ್ಬರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ತಂದೆಯವರಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಬೆಳಿಗ್ಗೆ ಆರಕ್ಕೆ ಎದ್ದು ಗೂಡಿನ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ರಕ್ತದ ಕ್ಯಾನ್ಸರ್ ಇರಬಹುದೆಂದು ಸಂಬಂಧಿಕರೊಬ್ಬರು ಫೋನಿನಲ್ಲಿ ಹೇಳಿದ ಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಕೋಲಾರ ಲ್ಯಾಬ್

ಮೇಡಂ, ನಾನು ವೈದ್ಯನಲ್ಲ. ಕೋಲಾರದ ಪ್ರಯೋಗಾಲಯವೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ತಂತ್ರಜ್ಞನಾಗಿದ್ದೇನೆ. ಆದ್ದರಿಂದ ಕಾಯಿಲೆಯ ಹೆಸರನ್ನು ನಾನು ಹೇಳುವುದಿಲ್ಲ, ವರದಿಯನ್ನು ಓದುವ ಕ್ರಮವನ್ನಷ್ಟೇ ಹೇಳುತ್ತೇನೆ.

ಚುಕ್ಕೆ ತಪ್ಪಿ ಬಿದ್ದಿರುವ ಸಾಧ್ಯತೆ ಕಡಿಮೆ. ಈಗಿನ ಯಂತ್ರಗಳು ಎಣಿಕೆಯನ್ನು ಸಾವಿರದ ಲೆಕ್ಕದಲ್ಲಿ ಅಚ್ಚು ಹಾಕುತ್ತವೆ. 4ರಿಂದ 11 ಎಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರ, ಹಾಗೆಯೇ 138.4 ಎಂದರೆ 1,38,400. ಹಳೆಯ ಮಾದರಿಯ ವರದಿಗಳಲ್ಲಿ ಇದೇ ಅಂಕಿಯನ್ನು 'ಟಿಸಿ' (ಟೋಟಲ್ ಕೌಂಟ್, ಅಂದರೆ ಒಟ್ಟು ಎಣಿಕೆ) ಎಂಬ ಸಾಲಿನಲ್ಲಿ ಪೂರ್ತಿ ಬರೆಯುತ್ತಿದ್ದರು. ಎರಡು ಪ್ರಯೋಗಾಲಯಗಳ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು, 9,800 ಇದ್ದದ್ದು 10.2ಕ್ಕೆ ಕುಸಿದಿದೆ ಎಂದು ಗಾಬರಿಯಾಗಿ ನಮ್ಮ ಕೌಂಟರಿಗೆ ಓಡಿ ಬಂದವರನ್ನೂ ನಾನು ನೋಡಿದ್ದೇನೆ.

ಯಂತ್ರ ಎಣಿಸುವುದು ಸಣ್ಣ ರಂಧ್ರದ ಮೂಲಕ ಹಾದುಹೋಗುವ ಕಣಗಳನ್ನು. ಪ್ಲೇಟ್‌ಲೆಟ್‌ಗಳು ಗಂಟುಕಟ್ಟಿಕೊಂಡಿದ್ದರೆ, ಅಥವಾ ಬೀಜಕೇಂದ್ರವಿರುವ ಎಳೆಯ ಕೆಂಪು ಕಣಗಳು ರಕ್ತದಲ್ಲಿದ್ದರೆ, ಅವನ್ನೂ ಅದು ಬಿಳಿ ಕಣಗಳೆಂದು ಲೆಕ್ಕ ಹಾಕಬಹುದು. ಆದ್ದರಿಂದ ಅಂಕಿ ವಿಪರೀತವಾಗಿದ್ದಾಗ ಸ್ಮಿಯರ್ ನೋಡಲೇಬೇಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಹಾಕಿ, ಇನ್ನೊಂದು ಪಟ್ಟಿಯನ್ನು ಓರೆಯಾಗಿ ಹಿಡಿದು ನಾಲಿಗೆಯಾಕಾರಕ್ಕೆ ಸವರಿ, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ, ಆ ನಾಲಿಗೆಯ ತುದಿಯ ಭಾಗವನ್ನು ಸೂಕ್ಷ್ಮದರ್ಶಕದಡಿ ನೋಡುತ್ತೇವೆ. ಬಲಿತ ನ್ಯೂಟ್ರೋಫಿಲ್ ಕಣದ ಬೀಜಕೇಂದ್ರ, ಮೂರು ಬೀಜದ ಕಡಲೆಕಾಯಿಯಂತೆ ನಡುನಡುವೆ ಸೊರಗಿ ಕಾಣುತ್ತದೆ. ಮೈಲೋಸೈಟ್ ಎಂಬ ಎಳೆಯ ಕಣದ ಬೀಜಕೇಂದ್ರ ದುಂಡಗಿರುತ್ತದೆ. ಅದು ಮೂಳೆಮಜ್ಜೆಯೊಳಗೇ ಬಲಿಯಬೇಕಾದದ್ದು. ನಿಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ, ಹಣ್ಣಾದ ಹುಳುವನ್ನಷ್ಟೇ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತೀರಿ; ಎರಡನೇ ಜ್ವರ (ಹುಳು ಪೊರೆ ಕಳಚುವ ಹಂತ) ದಾಟದ ಹುಳುಗಳೂ ಚಂದ್ರಿಕೆಯ ತುಂಬ ಹರಿದಾಡುತ್ತಿದ್ದರೆ ಸಾಕಣೆ ಮನೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ನಿಮ್ಮ ತಂದೆಯವರಿಗೇ ಗೊತ್ತಾಗುತ್ತದೆ.

ವರದಿಯ ಎರಡನೇ ಪುಟದಲ್ಲಿ ಡಿಫರೆನ್ಷಿಯಲ್ ಕೌಂಟ್, ಅಂದರೆ ಯಾವ ಜಾತಿಯ ಕಣ ಶೇಕಡಾ ಎಷ್ಟಿದೆ ಎಂಬ ಲೆಕ್ಕ ಇರುತ್ತದೆ. ಅದನ್ನು ಹಾಗೆಯೇ ಇಲ್ಲಿ ಬರೆಯಿರಿ. ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಅಂಕಿಗಳೂ ಬೇಕು.

ಚಿಂತಾಮಣಿ ಮೇಷ್ಟ್ರು

ಎಣಿಕೆ ಹೆಚ್ಚಾದ ಕೂಡಲೇ ಕ್ಯಾನ್ಸರ್ ಎಂದುಕೊಳ್ಳಬಾರದಮ್ಮಾ. ಹೋದ ವರ್ಷ ನಮ್ಮ ಮೊಮ್ಮಗನಿಗೆ ಟೋಟಲ್ ಕೌಂಟ್ 14,000 ಇತ್ತು, ಅದರಲ್ಲಿ ಇಯೋಸಿನೋಫಿಲ್ ಶೇಕಡಾ 22. ಮಕ್ಕಳ ವೈದ್ಯರು ಮಲ ಪರೀಕ್ಷೆ ಮಾಡಿಸಿ, ಜಂತುಹುಳುವಿಗೆ ಆಲ್ಬೆಂಡಜೋಲ್ ಕೊಟ್ಟರು. ಎರಡು ತಿಂಗಳ ನಂತರ ಶೇಕಡಾ 5ಕ್ಕೆ ಇಳಿದಿತ್ತು. ಅಲರ್ಜಿ, ಉಬ್ಬಸ ಇದ್ದವರಲ್ಲಿಯೂ ಈ ಕಣ ಹೆಚ್ಚುತ್ತದೆಯಂತೆ.

ತಿಪಟೂರು ಕೊಬ್ಬರಿ

ಮೇಷ್ಟ್ರ ಮಾತಿಗೆ ನನ್ನದೂ ಒಂದು ಅನುಭವ ಸೇರಿಸುತ್ತೇನೆ. ನಮ್ಮ ತಾಯಿಗೆ ನ್ಯುಮೋನಿಯಾ ಆಗಿ ತೀವ್ರ ನಿಗಾ ಘಟಕದಲ್ಲಿದ್ದಾಗ ಎಣಿಕೆ 52,300ಕ್ಕೆ ಏರಿತ್ತು. ಪಕ್ಕದ ಹಾಸಿಗೆಯವರ ನೆಂಟರೊಬ್ಬರು ವರದಿಯನ್ನು ಇಣುಕಿ ನೋಡಿ, "ಇದು ಬ್ಲಡ್ ಕ್ಯಾನ್ಸರೇ" ಎಂದು ನಮ್ಮ ಮುಂದೆಯೇ ತೀರ್ಪು ಕೊಟ್ಟರು. ಸೋಂಕು ತೀವ್ರವಾದಾಗ ಮಜ್ಜೆ ತನ್ನ ಕಣಜವನ್ನೆಲ್ಲ ಬರಿದು ಮಾಡಿ ಕಣಗಳನ್ನು ಹೊರಗೆ ಕಳಿಸುತ್ತದೆ, ಇದಕ್ಕೆ ಲ್ಯುಕಿಮಾಯ್ಡ್ ಪ್ರತಿಕ್ರಿಯೆ ಎನ್ನುತ್ತಾರೆ, ನೋಡಲು ಲ್ಯುಕೀಮಿಯಾದಂತಿದ್ದರೂ ಅದಲ್ಲ ಎಂದು ವೈದ್ಯರು ಸಮಾಧಾನವಾಗಿ ತಿಳಿಸಿದರು. ಹನ್ನೆರಡನೆಯ ದಿನಕ್ಕೆ 13,000 ಆಯಿತು. ಆ ನೆಂಟರು ಮತ್ತೆ ಸಿಗಲಿಲ್ಲ.

ಶಿಡ್ಲಘಟ್ಟ ರೇಷ್ಮೆಗೂಡು

ಸರ್, ಎರಡನೇ ಪುಟದಲ್ಲಿರುವುದು ಹೀಗಿದೆ: ನ್ಯೂಟ್ರೋಫಿಲ್ 50, ಬ್ಯಾಂಡ್ 10, ಮೆಟಾಮೈಲೋಸೈಟ್ 8, ಮೈಲೋಸೈಟ್ 18, ಪ್ರೋಮೈಲೋಸೈಟ್ 2, ಬ್ಲಾಸ್ಟ್ 2, ಲಿಂಫೋಸೈಟ್ 4, ಬೇಸೋಫಿಲ್ 4, ಇಯೋಸಿನೋಫಿಲ್ 2. ಹಿಮೋಗ್ಲೋಬಿನ್ 10.8. ಪ್ಲೇಟ್‌ಲೆಟ್ 5.2 ಲಕ್ಷ. ಕೆಳಗೆ 'ರಕ್ತರೋಗ ತಜ್ಞರ ಅಭಿಪ್ರಾಯ ಪಡೆಯಿರಿ' ಎಂದಿದೆ.

ಇನ್ನೊಂದು ವಿಷಯವನ್ನು ಅಮ್ಮ ಈಗ ನೆನಪಿಸಿದರು. ನಾಲ್ಕೈದು ತಿಂಗಳಿಂದ ತಂದೆಯವರು ಅರ್ಧ ಮುದ್ದೆಗೇ ಹೊಟ್ಟೆ ತುಂಬಿತೆಂದು ತಟ್ಟೆ ಸರಿಸುತ್ತಿದ್ದಾರೆ. ವಯಸ್ಸಾಯಿತು, ಊಟ ಇಳಿಯುತ್ತಿಲ್ಲ ಎಂದು ನಾವು ಸುಮ್ಮನಿದ್ದೆವು.

ಕೋಲಾರ ಲ್ಯಾಬ್

ಮೇಡಂ, ಇದು ಮೇಷ್ಟ್ರ ಮೊಮ್ಮಗನ ವರದಿಯಂಥದ್ದಲ್ಲ, ತಿಪಟೂರಿನ ತಾಯಿಯವರದ್ದರಂತೆಯೂ ಕಾಣುವುದಿಲ್ಲ. ಜ್ವರ ಸೋಂಕು ಯಾವುದೂ ಇಲ್ಲದೆ ಇಷ್ಟು ಎಣಿಕೆ, ಎಳೆಯದರಿಂದ ಬಲಿತದ್ದರವರೆಗೆ ಎಲ್ಲ ಹಂತದ ಕಣಗಳು, ಮೆಟಾಮೈಲೋಸೈಟ್‌ಗಿಂತ ಮೈಲೋಸೈಟ್ ಹೆಚ್ಚು, ಜೊತೆಗೆ ಬೇಸೋಫಿಲ್ 4. ಇದನ್ನು ತಡಮಾಡುವಂತಿಲ್ಲ, ಈ ವಾರವೇ ತೋರಿಸಿ. ಸಮಾಧಾನದ ಅಂಶವೊಂದು ಇದೇ ಕಾಗದದಲ್ಲಿದೆ: ಬ್ಲಾಸ್ಟ್ ಎಂಬ ಅತಿ ಎಳೆಯ ಕಣಗಳು ಶೇಕಡಾ ಎರಡೇ ಇವೆ. ಉಳಿದದ್ದನ್ನು ವೈದ್ಯರು ಹೇಳಬೇಕು.

ತುಮಕೂರು ಫಿಜಿಷಿಯನ್

ತಂತ್ರಜ್ಞ ಮಿತ್ರರು ಹೇಳಿದ್ದಕ್ಕೆ ನನ್ನ ಸಹಮತವಿದೆ. ತಂದೆಯವರನ್ನು ಕಾಣದೆ ನಾನೂ ರೋಗನಿರ್ಣಯ ಮಾಡುವುದಿಲ್ಲ. ಆದರೆ ಅರ್ಧ ಮುದ್ದೆಯ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ ದೊಡ್ಡದಾದಾಗ ಅದು ಜಠರವನ್ನು ಒತ್ತುತ್ತದೆ. ಹಸಿವಿದ್ದರೂ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ. ಎಣಿಕೆ ಲಕ್ಷ ದಾಟಿರುವುದರಿಂದ ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು, ವಿಪರೀತ ತಲೆನೋವು ಅಥವಾ ಮಂಕು ಕಾಣಿಸಿಕೊಂಡರೆ ವಾರದವರೆಗೆ ಕಾಯದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣು ಮಂಜಾಗಿರುವುದು ಪೊರೆಯಿಂದಲೇ ಎಂದು ನೀವಾಗಿಯೇ ತೀರ್ಮಾನಿಸದೆ ಅದನ್ನೂ ಹೇಳಿ.

ರಕ್ತದ ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ. ಮಜ್ಜೆಯಲ್ಲಿ ಹುಟ್ಟುವ ಲ್ಯುಕೀಮಿಯಾ, ದುಗ್ಧಗ್ರಂಥಿಗಳಲ್ಲಿ ಕಾಣಿಸಿಕೊಳ್ಳುವ ಲಿಂಫೋಮಾ, ಪ್ಲಾಸ್ಮಾ ಕಣಗಳ ಮೈಲೋಮಾ, ಇವು ಮುಖ್ಯ ಕುಟುಂಬಗಳು. ಒಂದೊಂದರೊಳಗೂ ಹಲವು ಬಗೆಗಳಿವೆ, ಚಿಕಿತ್ಸೆಯೂ ಬೇರೆಬೇರೆ. ಲ್ಯುಕೀಮಿಯಾದಲ್ಲಿ ತೀವ್ರ ಮತ್ತು ದೀರ್ಘಕಾಲಿಕ ಎಂಬ ಭೇದವೇ ಮೊದಲು ತಿಳಿಯಬೇಕಾದದ್ದು. ತೀವ್ರ ಬಗೆಯಲ್ಲಿ ಬ್ಲಾಸ್ಟ್ ಎಂಬ ಅತಿ ಎಳೆಯ ಕಣಗಳು ಬಲಿಯದೆ ಮಜ್ಜೆಯನ್ನೆಲ್ಲ ಆಕ್ರಮಿಸುತ್ತವೆ. ಸಾಮಾನ್ಯವಾಗಿ ಅವು ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಲ್ಯುಕೀಮಿಯಾ ಎನ್ನುತ್ತೇವೆ. ಅಲ್ಲಿ ದಿನಗಳ ಲೆಕ್ಕ. ದೀರ್ಘಕಾಲಿಕ ಬಗೆಯಲ್ಲಿ ಕಣಗಳು ಬಲಿಯುತ್ತವೆ, ಆದರೆ ಮಿತಿಯಿಲ್ಲದೆ ಹುಟ್ಟುತ್ತವೆ. ರೋಗಿ ತಿಂಗಳುಗಟ್ಟಲೆ ಓಡಾಡಿಕೊಂಡೇ ಇರುತ್ತಾರೆ; ಬೇರೆ ಯಾವುದಕ್ಕೋ ಮಾಡಿಸಿದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ.

ಓದುವ ಇತರರಿಗಾಗಿ ಒಂದು ಮಾತು. ಎಣಿಕೆ ಹೆಚ್ಚಿದ್ದರೆ ಮಾತ್ರ ಭಯ ಎಂಬ ನಂಬಿಕೆ ತಪ್ಪು. ತೀವ್ರ ಲ್ಯುಕೀಮಿಯಾದಲ್ಲಿ ಒಟ್ಟು ಎಣಿಕೆ 1,800 ಇರಬಹುದು, 7,000 ಕೂಡ ಇರಬಹುದು. ಡೆಂಗಿಯಲ್ಲಿ, ಟೈಫಾಯಿಡ್‌ನಲ್ಲಿ ಎಣಿಕೆ ಇಳಿಯುವುದು ಸಾಮಾನ್ಯ, ಅದು ಒಂದೆರಡು ವಾರದಲ್ಲಿ ಏರಿಕೊಳ್ಳುತ್ತದೆ. ಆದರೆ ಬಿಳಿ ಕಣ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಈ ಮೂರರಲ್ಲಿ ಎರಡು ಒಟ್ಟಿಗೆ ಕುಸಿದು ಮೇಲೇಳದಿದ್ದರೆ, ಒಸಡಿನಲ್ಲಿ ರಕ್ತ ಜಿನುಗಿದರೆ, ಕಾಲಿನ ಮೇಲೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳೆದ್ದರೆ, ಮಗು ಬಿಳಿಚಿಕೊಂಡು ಕಾಲುನೋವೆಂದು ರಾತ್ರಿ ಅಳುತ್ತಿದ್ದರೆ, ಸ್ಮಿಯರ್ ನೋಡಿಸದೆ ಬಿಡಬಾರದು. ಇಂಥ ಮಕ್ಕಳಿಗೆ ಕಾರಣ ತಿಳಿಯುವ ಮೊದಲೇ ಯಾರಾದರೂ ಸ್ಟೀರಾಯ್ಡ್ ಕೊಟ್ಟರೆ ಜ್ವರ, ನೋವು ಎರಡೂ ಇಳಿದು ಮನೆಯವರು ಸಂತೋಷಪಡುತ್ತಾರೆ. ಆದರೆ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ ಇದ್ದಲ್ಲಿ ಆ ಔಷಧಿ ರೋಗವನ್ನು ಅರೆಬರೆ ಅಡಗಿಸಿ, ನಿರ್ಣಯವನ್ನೇ ಗೊಂದಲಕ್ಕೀಡುಮಾಡುತ್ತದೆ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಕುತ್ತಿಗೆಯ, ಕಂಕುಳಿನ ನೋವಿಲ್ಲದ ಗಂಟುಗಳ ವಿಷಯವೂ ಹೀಗೆಯೇ. ನಮ್ಮ ಕಡೆ ಕ್ಷಯರೋಗದ ಗಂಟುಗಳು ಹೆಚ್ಚು, ನಿಜ. ಆದರೆ ತುಣುಕು ತೆಗೆದು ಪರೀಕ್ಷಿಸದೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿ, ಕೊನೆಗೆ ಅದು ಲಿಂಫೋಮಾ ಎಂದು ತಿಳಿದ ಪ್ರಕರಣಗಳಿವೆ.

ಗುಬ್ಬಿ ತೋಟದಮನೆ

ಡಾಕ್ಟರ್ ಹೇಳಿದ್ದಕ್ಕೆ ನಮ್ಮ ಮನೆಯೇ ಸಾಕ್ಷಿ. ನಮ್ಮ ಯಜಮಾನರಿಗೆ ಸೊಂಟನೋವೆಂದು ಹನ್ನೊಂದು ತಿಂಗಳು ನೋವಿನ ಮಾತ್ರೆ, ಬೆಲ್ಟು, ಎಣ್ಣೆ ಎಲ್ಲ ಆಯಿತು. ಅಷ್ಟೂ ಕಾಲ ಬಿಳಿ ಕಣ 6,000ದ ಆಸುಪಾಸಿನಲ್ಲೇ ಇದ್ದುದರಿಂದ "ರಕ್ತ ನಾರ್ಮಲ್ ಇದೆ" ಎನ್ನುತ್ತಿದ್ದರು. ಹಿಮೋಗ್ಲೋಬಿನ್ 7.9ಕ್ಕೆ ಇಳಿದದ್ದನ್ನೂ ಕೆಂಪು ಕಣಗಳು ತಳಕ್ಕಿಳಿಯುವ ವೇಗ ಅಳೆಯುವ ಇಎಸ್ಆರ್ 120 ಬಂದದ್ದನ್ನೂ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದ್ದನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಕೊನೆಗೆ ಯುವ ವೈದ್ಯೆಯೊಬ್ಬರು ಮೂರು ವರದಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ರಕ್ತದ ಪ್ರೋಟೀನ್ ಪರೀಕ್ಷೆ ಬರೆದರು. ಮೈಲೋಮಾ. ನೋವಿನ ಮಾತ್ರೆಗಳು ಆ ಹೊತ್ತಿಗೆ ಮೂತ್ರಪಿಂಡಕ್ಕೂ ಪೆಟ್ಟು ಕೊಟ್ಟಿದ್ದವು. ಈಗ ಚಿಕಿತ್ಸೆಯಲ್ಲಿದ್ದಾರೆ, ತೋಟಕ್ಕೆ ನಡೆದು ಹೋಗುತ್ತಾರೆ.

ಮಾಲೂರು ರೈತ

ನನ್ನದೊಂದು ಪ್ರಶ್ನೆ. ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ; ಟೊಮೇಟೊಗೆ ವಾರಕ್ಕೆರಡು ಬಾರಿ ಔಷಧಿ ಹೊಡೆಯುತ್ತೇವೆ. ಈ ಕಾಯಿಲೆಗಳು ಇದರಿಂದ ಬರುತ್ತವೆಯೇ? ಒಬ್ಬರಿಂದ ಒಬ್ಬರಿಗೆ ಹರಡುತ್ತವೆಯೇ? ಪಪ್ಪಾಯಿ ಎಲೆಯ ರಸ ಕುಡಿಸಿದರೆ ಎಣಿಕೆ ಸರಿಹೋಗುತ್ತದೆ ಎಂದು ನಮ್ಮೂರಿನಲ್ಲಿ ಹೇಳುತ್ತಾರೆ.

ತುಮಕೂರು ಫಿಜಿಷಿಯನ್

ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ. ಫ್ಲೋರೈಡ್ ಹಲ್ಲು ಮೂಳೆಗಳನ್ನು ಕೆಡಿಸುತ್ತದೆ, ಪಾವಗಡದ ಕಡೆ ಅದನ್ನು ಕಣ್ಣಾರೆ ಕಂಡಿದ್ದೇನೆ. ರಕ್ತದ ಕ್ಯಾನ್ಸರಿಗೆ ಅದನ್ನು ಕಾರಣವೆಂದು ಹೇಳಲು ಆಧಾರವಿಲ್ಲ. ಬೆನ್ಜೀನ್ ಎಂಬ ರಾಸಾಯನಿಕ ಲ್ಯುಕೀಮಿಯಾಕ್ಕೆ ಕಾರಣವಾಗುತ್ತದೆ ಎಂಬುದು ಖಚಿತ. ಕೆಲವು ಕೀಟನಾಶಕಗಳಿಗೂ ಲಿಂಫೋಮಾಕ್ಕೂ ನಂಟಿದೆ ಎಂದು ಅಧ್ಯಯನಗಳು ಹೇಳುತ್ತವೆ, ಆದ್ದರಿಂದ ಬರಿಗೈಯಲ್ಲಿ ಔಷಧಿ ಕಲಸುವುದನ್ನಂತೂ ಬಿಡಿ. ಆದರೂ ಹೆಚ್ಚಿನ ರೋಗಿಗಳ ವಿಷಯದಲ್ಲಿ "ಇದರಿಂದಲೇ ಬಂತು" ಎಂದು ಬೆರಳು ತೋರಿಸಲು ಏನೂ ಸಿಗುವುದಿಲ್ಲ. ಪಪ್ಪಾಯಿ ಎಲೆಯ ರಸ ಲ್ಯುಕೀಮಿಯಾವನ್ನು ಗುಣಪಡಿಸುವುದಿಲ್ಲ. ಅದಕ್ಕಾಗಿ ಕಾಯುತ್ತ ಕಳೆದುಕೊಳ್ಳುವ ದಿನಗಳೇ ದೊಡ್ಡ ನಷ್ಟ.

ಚಿಂತಾಮಣಿ ಮೇಷ್ಟ್ರು

ಮಕ್ಕಳ ಲ್ಯುಕೀಮಿಯಾದ ಮಾತು ಬಂದದ್ದರಿಂದ ಒಂದು ಸಂಗತಿ. ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡಿದವರು. ಫೋಲಿಕ್ ಆಮ್ಲಕ್ಕೆ ಅಡ್ಡಬರುವ ಅಮಿನಾಪ್ಟೆರಿನ್ ಎಂಬ ಔಷಧಿ ಅವರ ತಂಡದಿಂದಲೇ ಬಂತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದೇ ಜಾತಿಯ ಮೆಥೋಟ್ರೆಕ್ಸೇಟ್ ಇಂದಿಗೂ ಮಕ್ಕಳ ಚಿಕಿತ್ಸೆಯಲ್ಲಿದೆ. ವಿಜ್ಞಾನದ ತರಗತಿಯಲ್ಲಿ ಇದನ್ನು ಹೇಳದೆ ಮೂವತ್ತು ವರ್ಷ ಪಾಠ ಮಾಡಿದೆನಲ್ಲ ಎಂದು ಬೇಸರವಿದೆ.

ಶಿಡ್ಲಘಟ್ಟ ರೇಷ್ಮೆಗೂಡು (ಇಪ್ಪತ್ತು ದಿನಗಳ ನಂತರ)

ಎಲ್ಲರಿಗೂ ತಿಳಿಸಬೇಕಾದದ್ದು ನನ್ನ ಕರ್ತವ್ಯ. ಜಿಲ್ಲಾ ಆಸ್ಪತ್ರೆಯಲ್ಲಿ ಶಿಫಾರಸು ಪತ್ರ ಪಡೆದು, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ತಂದೆಯವರನ್ನು ಕರೆದುಕೊಂಡು ಹೋದೆವು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಪರಿಸ್ಥಿತಿಯಲ್ಲದಿದ್ದರೆ ಆ ಪತ್ರ ಬೇಕಾಗುತ್ತದೆ. ಶಿಡ್ಲಘಟ್ಟದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟಿದ್ದೆವು, ಆದರೂ ನಮಗಿಂತ ಮುಂದೆ ಉದ್ದನೆಯ ಸಾಲಿತ್ತು.

ಮೂಳೆಮಜ್ಜೆಯ ಪರೀಕ್ಷೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಿತ್ತು. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ಕಾಲು ಹೋಗುತ್ತದೆ ಎಂದು ಊರಿನಲ್ಲಿ ಹೇಳಿದ್ದರು. ಹಾಗಲ್ಲ. ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂಭಾಗದ ಮೂಳೆಯ ಮೇಲೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ದಪ್ಪ ಸೂಜಿಯಿಂದ ಮಜ್ಜೆಯನ್ನು ಸೆಳೆದರು. ಸೆಳೆಯುವ ಆ ನಾಲ್ಕು ಕ್ಷಣ ಮಾತ್ರ ಒಳಗಿನಿಂದ ಯಾರೋ ಎಳೆ ಬಿಚ್ಚಿದಂತಾಯಿತು ಎಂದು ತಂದೆಯವರು ಹೇಳಿದರು. ನಲವತ್ತು ವರ್ಷ ಗೂಡಿನಿಂದ ಎಳೆ ಬಿಚ್ಚಿದವರು. ಸ್ವಲ್ಪ ಹೊತ್ತು ಮಲಗಿದ್ದು, ಎದ್ದು ಹೊರಗೆ ಬಂದು ಕಾಫಿ ಕುಡಿದರು.

ವರದಿ: ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯಾ, ಬಿಸಿಆರ್-ಎಬಿಎಲ್ ಪಾಸಿಟಿವ್, ಮೊದಲ ಹಂತ. ಗುಲ್ಮ ಪಕ್ಕೆಲುಬಿನಿಂದ ಆರು ಸೆಂಟಿಮೀಟರ್ ಕೆಳಗಿಳಿದಿತ್ತು. ಇಮಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಕ್ಯಾನ್ಸರ್ ಎಂದರೆ ಕೂದಲು ಉದುರಿ ಹಾಸಿಗೆ ಹಿಡಿಯುವುದೆಂದು ತಿಳಿದಿದ್ದ ನಮಗೆ, ಒಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದನ್ನು ನಂಬಲು ಎರಡು ದಿನ ಬೇಕಾಯಿತು.

ತುಮಕೂರು ಫಿಜಿಷಿಯನ್

ತಿಳಿಸಿದ್ದು ಒಳ್ಳೆಯದಾಯಿತು. ಆ ಮಾತ್ರೆಯ ಹಿಂದಿನ ಕತೆಯೂ ತಿಳಿದಿರಲಿ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ಇಬ್ಬರು ಸಂಶೋಧಕರು ಈ ರೋಗಿಗಳ ಕಣಗಳಲ್ಲಿ ಗಿಡ್ಡನೆಯ ಕ್ರೋಮೋಸೋಮ್ ಒಂದನ್ನು ಕಂಡರು. ಅದು 9 ಮತ್ತು 22ನೇ ಕ್ರೋಮೋಸೋಮ್‌ಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರಿಂದ ಆದದ್ದು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಹಾಗೆ ತಪ್ಪಾಗಿ ಬೆಸೆದುಕೊಂಡ ಜೀನ್, ಅಂದರೆ ನಿಮ್ಮ ವರದಿಯಲ್ಲಿರುವ ಬಿಸಿಆರ್-ಎಬಿಎಲ್, ಸದಾ ಚಾಲೂ ಇರುವ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಇಮಾಟಿನಿಬ್ ಆ ಪ್ರೋಟೀನಿನ ಬಾಯಿಗೆ ಬೀಗ ಹಾಕುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಕಾಲವಿತ್ತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆಗಳು ಉಳಿದುಕೊಂಡವು.

ಎಣಿಕೆ ಕೆಲವೇ ವಾರಗಳಲ್ಲಿ 8,000ಕ್ಕೆ ಬರಬಹುದು. ಆಗ ಮಾತ್ರೆ ನಿಲ್ಲಿಸುವವರನ್ನು ನಾನು ಬಲ್ಲೆ. ನಿಲ್ಲಿಸಬೇಡಿ. ಮೂರು ತಿಂಗಳಿಗೆ ಬಿಸಿಆರ್-ಎಬಿಎಲ್ ಪ್ರಮಾಣವನ್ನು ಅಳೆಯುತ್ತಾರೆ, ಅದು ಶೇಕಡಾ 10ಕ್ಕಿಂತ ಕೆಳಗಿರಬೇಕು. ಕಣ್ಣಿನ ಸುತ್ತ ಊತ, ಮೀನಖಂಡದ ಸೆಳೆತ, ವಾಕರಿಕೆ ಕಾಣಿಸಿದರೆ ವೈದ್ಯರಿಗೆ ಹೇಳಿ. ಹೇಳದೆ ಮಾತ್ರೆ ಬಿಡುವುದು ಬೇಡ.

ಶಿಡ್ಲಘಟ್ಟ ರೇಷ್ಮೆಗೂಡು

ಸರ್, ಕೊನೆಯದಾಗಿ ಒಂದು ಸಂದೇಹ. ಮಾತ್ರೆಯನ್ನು ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು, ಗ್ರೇಪ್‌ಫ್ರೂಟ್ ತಿನ್ನಬಾರದು ಎಂದು ಅಲ್ಲಿ ಹೇಳಿದರು. ನಾವು ಅದನ್ನು ದ್ರಾಕ್ಷಿ ಎಂದುಕೊಂಡು, ಮನೆಯಲ್ಲಿದ್ದ ಎರಡು ಕೆಜಿ ದ್ರಾಕ್ಷಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆವು.

ತುಮಕೂರು ಫಿಜಿಷಿಯನ್

ದ್ರಾಕ್ಷಿ ಧಾರಾಳವಾಗಿ ತಿನ್ನಲಿ. ಗ್ರೇಪ್‌ಫ್ರೂಟ್ ನಮ್ಮ ಸಂತೆಗಳಲ್ಲಿ ಸಿಗುವುದು ಅಪರೂಪ. ಆದರೆ ಅದರ ಹತ್ತಿರದ ಬಂಧು ನಿಮ್ಮ ಪಕ್ಕದಲ್ಲೇ ಇದೆ: ದೇವನಹಳ್ಳಿಯ ಚಕ್ಕೋತ. ಔಷಧಿಯನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ತಡೆಯುವ ಗುಣ ಅದರಲ್ಲಿಯೂ ಇದೆ, ಮಾತ್ರೆಯ ಅಂಶ ರಕ್ತದಲ್ಲಿ ಹೆಚ್ಚಾಗಬಹುದು. ಅದನ್ನು ಬಿಡಿಸಿ.

ಶಿಡ್ಲಘಟ್ಟ ರೇಷ್ಮೆಗೂಡು

ಹಿತ್ತಲಿನಲ್ಲಿಯೇ ಚಕ್ಕೋತದ ಮರವಿದೆ ಸರ್, ಈಗ ಹನ್ನೆರಡು ಕಾಯಿ ಬಿಟ್ಟಿದೆ. ತಂದೆಯವರಿಗೆ ಓದಿ ಹೇಳಿದೆ. ದ್ರಾಕ್ಷಿ ಕೊಟ್ಟ ಮನೆಯವರಿಗೇ ಇದನ್ನೂ ಕೊಟ್ಟು, ದ್ರಾಕ್ಷಿ ಉಳಿದಿದ್ದರೆ ವಾಪಸು ತಾ ಎಂದರು.